ಒಂಟಿ ಹಿರಿಯರನ್ನು ಊರೇ ನೋಡಿಕೊಳ್ಳಬೇಕೇ?

ಪರ: ಹತ್ತಿರ ಇರುವವರೇ ಮೊದಲು

ಮಲೆನಾಡಿನ ಒಂಟಿಮನೆ. ಬಚ್ಚಲಲ್ಲಿ ಜಾರಿಬಿದ್ದ ಅಜ್ಜಿಯ ಕೂಗು ಮೊದಲು ಕೇಳಿಸುವುದು ಡೇರಿಗೆ ಹಾಲು ಹೊತ್ತು ಹೋಗುವ ನೆರೆಯವರಿಗೆ. ಬೆಂಗಳೂರಿನ ಮಗ ರಾತ್ರಿ ಬಸ್ಸು ಹತ್ತಿದರೂ ಬಂದು ಮುಟ್ಟುವಾಗ ಬೆಳಗಾಗಿರುತ್ತದೆ. 2011ರ ಜನಗಣತಿಯಲ್ಲೇ 60 ದಾಟಿದವರು ದೇಶದಲ್ಲಿ 10 ಕೋಟಿ ಮೀರಿದ್ದರು. ನೂರಕ್ಕೆ 71 ಮಂದಿ ಹಳ್ಳಿಯವರು. ಇಷ್ಟು ಜನಕ್ಕೆ ವೃದ್ಧಾಶ್ರಮ ಕಟ್ಟಿ ಪೂರೈಸಲಾಗದು. ಕಟ್ಟಿದರೂ ತಮ್ಮ ಹಿತ್ತಿಲು, ತಮ್ಮ ದನ ಬಿಟ್ಟು ಹೋಗಲು ಅವರಿಗೆ ಮನಸ್ಸಾಗುವುದಿಲ್ಲ.

ಕೇರಳದ ಮಲಪ್ಪುರಂ ಕಡೆ ಇದನ್ನು ಮಾಡಿ ತೋರಿಸಿದ್ದಾರೆ. ಊರಿನವರೇ ತರಬೇತಿ ಪಡೆದು, ನರ್ಸ್ ಜತೆಗೂಡಿ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಖರ್ಚಿಗೆ ಊರವರ ಚಿಕ್ಕ ಚಿಕ್ಕ ದೇಣಿಗೆ. 2008ರಲ್ಲಿ ಅಲ್ಲಿನ ಸರ್ಕಾರ ಉಪಶಮನ ಆರೈಕೆಗೆ, ಅಂದರೆ ಗುಣವಾಗದ ಕಾಯಿಲೆಯವರ ನೋವು ಇಳಿಸುವ ಆರೈಕೆಗೆ, ನೀತಿಯನ್ನೇ ರೂಪಿಸಿ ಪಂಚಾಯಿತಿಗಳನ್ನೂ ಸೇರಿಸಿಕೊಂಡಿತು. ನಮ್ಮ ಗ್ರಾಮ ಪಂಚಾಯಿತಿಗಳು ಮಕ್ಕಳಿಗೆ ‘ಕೂಸಿನ ಮನೆ’ ನಡೆಸುತ್ತಿವೆ. ಅಜ್ಜ-ಅಜ್ಜಿಯರಿಗೂ ಅಂಥದೊಂದು ಕೋಣೆ, ಮಧ್ಯಾಹ್ನ ಬಿಸಿ ಅನ್ನ-ಸಾರು, ವಾರಕ್ಕೊಮ್ಮೆ ಬಿಪಿ, ಶುಗರ್ ನೋಡುವ ವ್ಯವಸ್ಥೆ ಯಾಕಾಗಬಾರದು? ದಿನವಿಡೀ ಒಂದು ಮಾತೂ ಆಡದೆ ಮಲಗುವವರು ನಮ್ಮ ಊರುಗಳಲ್ಲಿದ್ದಾರೆ. ಜಗಲಿಯ ಮೇಲೆ ಜತೆಗೆ ಕೂತು ಎಲೆ-ಅಡಿಕೆ ಹಾಕುವವರನ್ನು ಯಾವ ಇಲಾಖೆಯೂ ಕಳಿಸಲಾರದು.

ವಿರೋಧ: ‘ಊರು’ ಅಂದರೆ ಯಾರು?

ಊರು ಎಂದಾಗ ಕೆಲಸ ಬೀಳುವುದು ಹೆಣ್ಣುಮಕ್ಕಳ ಮೇಲೆ. ಪಕ್ಕದ ಮನೆಯ ಸೊಸೆ, ಸ್ವಸಹಾಯ ಸಂಘದ ಅಕ್ಕ, ಆಶಾ ಕಾರ್ಯಕರ್ತೆ. ಸುಮಾರು 1,000 ಜನಕ್ಕೆ ಒಬ್ಬರಂತಿರುವ ಆಶಾಗಳಿಗೆ ಬಾಣಂತಿ, ಲಸಿಕೆ, ಸರ್ವೆ ಸಾಲದೇ? ಅವರಿಗೆ ಇವತ್ತಿಗೂ ಗೌರವಧನವೇ ಗತಿ. ಸೇವೆಯ ಹೆಸರಲ್ಲಿ ಇನ್ನಷ್ಟು ಬಿಟ್ಟಿ ದುಡಿಮೆ ಕೇಳುವುದನ್ನು ನಾನು ಒಪ್ಪಲಾರೆ.

ಹೇಳಲು ಕಷ್ಟವಾದರೂ ಇನ್ನೊಂದು ಮಾತಿದೆ. ಊರೊಳಗೆ ಕೇರಿಗಳಿವೆ. ಕೇರಿಯ ಮುದುಕನ ಹುಣ್ಣು ತೊಳೆಯಲು ಮೇಲಿನ ಬೀದಿಯವರು ಬರುತ್ತಾರೆಯೇ? ಕೇರಿಯ ಹೆಂಗಸು ಬೇಯಿಸಿದ ಅನ್ನವನ್ನು ಆ ಬೀದಿಯ ಅಜ್ಜಿ ಉಣ್ಣುತ್ತಾಳೆಯೇ? ಶಾಲೆಯ ಬಿಸಿಯೂಟದಲ್ಲೇ ಈ ಜಗಳ ಕಂಡಿದ್ದೇವೆ. ನೆರೆಯವರ ಕರುಣೆಗೆ ಬಿಟ್ಟರೆ ಮೊದಲು ಬಿಟ್ಟುಹೋಗುವುದು ಹಿಂದೆ ಮುಂದೆ ಯಾರಿಲ್ಲದ ಬಡವರೇ.

ಹೆತ್ತವರು ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು ಬಂದ 2007ರ ಕಾಯ್ದೆ ಹೆತ್ತವರ ಜೀವನಾಂಶದ ಹೊಣೆಯನ್ನು ಮಕ್ಕಳ ಮೇಲೆ ಹಾಕಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ವಾಪಸ್ ಪಡೆಯಲೂ ದಾರಿಯಿದೆ. ‘ಊರು ಹೇಗೂ ಇದೆಯಲ್ಲ’ ಎಂದರೆ ಮಕ್ಕಳೂ ಸರ್ಕಾರವೂ ಮೆಲ್ಲಗೆ ಜಾರಿಕೊಳ್ಳುತ್ತಾರೆ. 80 ತುಂಬದವರ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 2007ರಿಂದಲೂ ತಿಂಗಳಿಗೆ 200 ರೂಪಾಯಿಗೇ ನಿಂತಿದೆ. ಮೊದಲು ಅದನ್ನು ಹೊಟ್ಟೆ ತುಂಬುವಷ್ಟು ಮಾಡಲಿ, ಪ್ರತಿ ಪಂಚಾಯಿತಿಗೆ ಸಂಬಳ ಕೊಟ್ಟು ಒಬ್ಬ ನರ್ಸನ್ನು ನೇಮಿಸಲಿ.