ಊರಿಗೆಲ್ಲ ದೆವ್ವ ಹಿಡಿದರೆ

ನಾನು ಸಣ್ಣವನಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬಳಿಗೆ ದೆವ್ವ ಹಿಡಿದಿತ್ತು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಸಂಜೆ ಹೊತ್ತು ಕೂದಲು ಬಿಚ್ಚಿಕೊಂಡು ಗಂಡು ದನಿಯಲ್ಲಿ ಮಾತಾಡುತ್ತಾಳೆ ಅಂತ ಸುದ್ದಿ. ಅರಸೀಕೆರೆ ಕಡೆಯ ಸಣ್ಣ ಊರು, ಸುದ್ದಿ ಹಬ್ಬೋಕೆ ಎಷ್ಟು ಹೊತ್ತು ಬೇಕು? ಅರ್ಧ ಊರು ಅವರ ಜಗಲಿ ಮುಂದೆ ಸೇರಿತು. ಯಾರೋ ಬೇವಿನ ಸೊಪ್ಪು ತಂದರು, ಇನ್ಯಾರೋ ಒಣಮೆಣಸಿನಕಾಯಿ ಸುಟ್ಟರು. "ಯಾರು ನೀನು? ಎಲ್ಲಿಂದ ಬಂದೆ?" ಅಂತ ಒಬ್ಬ ಅಜ್ಜ ಗದರಿಸಿದರು. ಅರ್ಧ ಗಂಟೆ ಆದಮೇಲೆ ಅವಳು ಕಣ್ಣು ಬಿಟ್ಟು ಒಂದು ಲೋಟ ಕಾಫಿ ಕೇಳಿದಳು. ಊರು ಉಸಿರು ಬಿಟ್ಟಿತು.

ನಮ್ಮ ಹೆದರಿಕೆಯ ಲೆಕ್ಕ ಇಷ್ಟೇ ಅಲ್ವಾ? ಊರು ಸರಿಯಾಗಿದೆ, ಒಬ್ಬಳಿಗೆ ಏನೋ ಆಗಿದೆ, ಎಲ್ಲರೂ ಸೇರಿ ಅವಳನ್ನು ವಾಪಸ್ ಕರೆತರಬೇಕು.

ಅಮೆರಿಕದ ಓಹಿಯೋಗೆ ಬಂದು ಇಲ್ಲಿಯ ಸಿನಿಮಾ ನೋಡೋಕೆ ಶುರು ಮಾಡಿದ ಮೇಲೆ ಗೊತ್ತಾಯಿತು, ಇವರ ಲೆಕ್ಕ ಪೂರ್ತಿ ಉಲ್ಟಾ. ಇಲ್ಲಿ ದೆವ್ವ ಹಿಡಿಯುವುದು ಊರಿಗೆ. ಒಬ್ಬನಿಗೆ ಮಾತ್ರ ಹಿಡಿದಿಲ್ಲ, ಅವನ ಮಾತನ್ನು ಯಾರೂ ನಂಬುವುದಿಲ್ಲ. 1956ರ 'ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್' ಈ ಜಾತಿಯ ಮೂಲಪುರುಷ. ಬೇರೆ ಲೋಕದಿಂದ ಬಂದ ಕಾಯಿಗಳೊಳಗೆ ನಿಮ್ಮದೇ ಇನ್ನೊಂದು ಮೈ ಬೆಳೆಯುತ್ತದೆ. ಮುಖ ಅದೇ, ನೆನಪು ಅದೇ. ಪ್ರೀತಿ, ಸಿಟ್ಟು ಮಾತ್ರ ಇರುವುದಿಲ್ಲ. ಅದು ಕಮ್ಯುನಿಸ್ಟರ ಭಯ ಅಂತ ಕೆಲವರು ಓದಿದರು, ಕಮ್ಯುನಿಸ್ಟರನ್ನು ಬೇಟೆಯಾಡಿದ ಮೆಕಾರ್ಥಿಯ ಭಯ ಅಂತ ಇನ್ನು ಕೆಲವರು. ನನಗೆ ಎರಡೂ ಸರಿ ಅನಿಸುತ್ತದೆ. ಗುಂಪಿನ ಭಯ ಅಂದಮೇಲೆ ಯಾವ ಗುಂಪಾದರೇನು?

1998ರಲ್ಲಿ ಇದೇ ಕತೆ ಹೈಸ್ಕೂಲಿಗೆ ಬಂತು. ಆ ವರ್ಷ ಎರಡು ಸಿನಿಮಾ. 'ಡಿಸ್ಟರ್ಬಿಂಗ್ ಬಿಹೇವಿಯರ್'ನಲ್ಲಿ ಅನ್ಯಲೋಕದವರು ಇಲ್ಲ. ದಾರಿ ತಪ್ಪಿದ ಮಕ್ಕಳ ತಲೆಗೆ ಒಬ್ಬ ಡಾಕ್ಟರು ಚಿಪ್ ಹಾಕುತ್ತಾನೆ, ಮಕ್ಕಳು ಶಿಸ್ತಾಗುತ್ತಾರೆ, ಚೆನ್ನಾಗಿ ಓದುತ್ತಾರೆ. ಅದಕ್ಕೆ ಅಪ್ಪ ಅಮ್ಮಂದಿರ ಒಪ್ಪಿಗೆಯೂ ಇರುತ್ತದೆ. ಇಲ್ಲಿಯವರಿಗೆ ಇದು ಭಯಾನಕ. ನಮ್ಮ ಕಡೆ ಆಗಿದ್ದರೆ ಆ ಡಾಕ್ಟರ ಮನೆ ಮುಂದೆ ಬೆಳಿಗ್ಗೆ ಐದಕ್ಕೇ ಕ್ಯೂ ಇರುತ್ತಿತ್ತು, ಫೀಸು ಎಷ್ಟಾದರೂ ಪರವಾಗಿಲ್ಲ ಅಂತ.

ಎರಡನೆಯದು ರಾಬರ್ಟ್ ರೋಡ್ರಿಗಸ್ ನಿರ್ದೇಶಿಸಿದ 'ದ ಫ್ಯಾಕಲ್ಟಿ'. ಕತೆ ನಡೆಯುವುದು ನಮ್ಮ ಓಹಿಯೋದಲ್ಲೇ, ತೆಗೆದದ್ದು ಮಾತ್ರ ಟೆಕ್ಸಾಸಿನಲ್ಲಿ. ಹದಿನಾರರ ಮಗಳ ಜೊತೆ ಕಳೆದ ಚಳಿಗಾಲದಲ್ಲಿ ಮತ್ತೆ ನೋಡಿದೆ. ಮೊದಲು ಮೇಷ್ಟ್ರುಗಳ ಕಿವಿಯೊಳಗೆ ಬೇರೆ ಲೋಕದ ಹುಳ ಹೋಗುತ್ತದೆ, ಆಮೇಲೆ ಮಕ್ಕಳ ಕಿವಿಗೆ. ನಾವು 'ತಲೆಗೆ ಹುಳ ಬಿಡೋದು' ಅಂತ ಸುಮ್ನೆ ಬಾಯಿಮಾತಿಗೆ ಹೇಳುತ್ತೇವೆ, ಇವರು ನಿಜವಾಗಿಯೂ ಬಿಟ್ಟಿದ್ದಾರೆ! ಹುಳ ಹೊಕ್ಕವರಿಗೆ ನೀರು ಜಾಸ್ತಿ ಬೇಕು. ಅವರನ್ನು ಒಣಗಿಸಿ ಕೊಲ್ಲುವುದು ಒಬ್ಬ ಹುಡುಗ ಮನೆಯಲ್ಲೇ ಮಾಡಿದ ಪುಡಿ. ಅದರಲ್ಲಿರುವುದು ಬಹುಪಾಲು ಕೆಫೀನ್. ಹಾಗಾಗಿ ಹಾಸನ, ಚಿಕ್ಕಮಗಳೂರಿನವರು ಏನೂ ಹೆದರಬೇಕಿಲ್ಲ.

ಯಾರೊಳಗೆ ಹುಳ ಇದೆ ಅಂತ ತಿಳಿಯಲು ಮಕ್ಕಳು ಒಬ್ಬೊಬ್ಬರಾಗಿ ಎಲ್ಲರ ಎದುರು ಆ ಪುಡಿ ಮೂಸಬೇಕು. ಸಿನಿಮಾದಲ್ಲಿ ಇದೇ ಒಳ್ಳೆಯ ದೃಶ್ಯ. ಗುಂಪಿಗೆ ಹೆದರಿ ಓಡಿಬಂದ ಆರು ಜನ ಅಲ್ಲೇ ಇನ್ನೊಂದು ಗುಂಪಾಗಿಬಿಡುತ್ತಾರೆ.

ರಾಣಿ ಹುಳ ಯಾರು ಅಂತ ಕೊನೆಗೆ ಗೊತ್ತಾಗುತ್ತದೆ. ಅಟ್ಲಾಂಟಾದಿಂದ ಹೊಸದಾಗಿ ಬಂದು ಸೇರಿದ, ಎಲ್ಲರ ಹತ್ತಿರ ನಗುನಗುತ್ತ ಮಾತಾಡುವ ಹುಡುಗಿ. ಇಲ್ಲಿ ನನಗೆ ಚುಚ್ಚಿತು. ನಾನು ಈ ದೇಶದಲ್ಲಿ ಮೊದಲ ಸಲ ತುಂಬಿದ ತೆರಿಗೆ ಫಾರಂ ಮೇಲೆ ನನ್ನ ಹೆಸರು 'ನಾನ್‌ರೆಸಿಡೆಂಟ್ ಏಲಿಯನ್' ಅಂತಲೇ ಇತ್ತು. ಆ ಹುಡುಗಿ ಕೇಳುವುದೇನು? ಹೊಸಬಳು ಯಾರ ಜೊತೆ ಬೇಕಾದರೂ ಸೇರಿಕೊಳ್ಳಬಹುದಾದ, ಯಾರೂ ಯಾರಿಗೂ ಹೆದರದ ಲೋಕ. ಹುಳಗಳನ್ನು ಬಿಟ್ಟು ನೋಡಿದರೆ, ನಮ್ಮ ಕನ್ನಡ ಸಂಘದ ಭಾಷಣವೂ ಹೆಚ್ಚುಕಡಿಮೆ ಇದೇ. ನಮ್ಮ ಬೀದಿಯ ಆ ಸೊಸೆಯೂ ಹೊಸಬಳೇ ಆಗಿದ್ದಳು ಅಂತ ಆ ರಾತ್ರಿ ಹೊಳೆಯಿತು. ಇಪ್ಪತ್ತು ವರ್ಷ ಅಪ್ಪನ ಮನೆಯಲ್ಲಿದ್ದು ಒಂದು ದಿನ ನಮ್ಮ ಬೀದಿಗೆ ಬಂದು ಇಳಿದವಳನ್ನು ನಾವು ಕೇಳಿದ್ದು, "ಎಲ್ಲಿಂದ ಬಂದೆ?"

ನನ್ನ ತಕರಾರು ಸಿನಿಮಾದ ಕೊನೆಯ ಬಗ್ಗೆ. ರಾಣಿ ಸತ್ತಳು, ಊರು ಉಳಿಯಿತು. ತಿಂಗಳಾದ ಮೇಲೆ ನೋಡಿದರೆ, ಸದಾ ಕಪ್ಪು ಬಟ್ಟೆ ಹಾಕಿ ಒಬ್ಬಳೇ ಕೂರುತ್ತಿದ್ದ ಹುಡುಗಿ ಬಣ್ಣದ ಬಟ್ಟೆ ತೊಟ್ಟು ಹುಡುಗನ ಪಕ್ಕ ಕೂತಿದ್ದಾಳೆ. ಯಾರ ಮಾತೂ ಕೇಳದ, ಆ ಪುಡಿ ಮಾಡಿದ ಹುಡುಗ ಫುಟ್‌ಬಾಲ್ ತಂಡ ಸೇರಿದ್ದಾನೆ. "ಅಪ್ಪಾ, ಹುಳ ಸೋತಿತು ಅಂತ ಯಾರು ಹೇಳಿದ್ದು?" ಅಂದಳು ಮಗಳು. ಸಾಲದ್ದಕ್ಕೆ ಇದೇ ನಟರನ್ನು ಇಟ್ಟುಕೊಂಡು ಟಾಮಿ ಹಿಲ್‌ಫಿಗರ್ ಬಟ್ಟೆಯ ಜಾಹೀರಾತೂ ಆಯಿತು.

ಯೂನಿಫಾರಂ ಹಾಕಿ, ಎಣ್ಣೆ ಹಚ್ಚಿ ತಲೆ ಬಾಚಿ, ಸಾಲಾಗಿ ನಿಂತು ನಾಡಗೀತೆ ಹಾಡಿದ ನಮ್ಮನ್ನು ಇಲ್ಲಿಯವರು ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಾರೆ. ನಮಗೆ ಅದು ಬಟ್ಟೆ ಅಷ್ಟೇ ಆಗಿತ್ತು, ಸಂಜೆ ನಾಲ್ಕೂವರೆಗೆ ಕಳಚಿಡುತ್ತಿದ್ದೆವು. ಮಗಳ ಸ್ಕೂಲಲ್ಲಿ ಯೂನಿಫಾರಂ ಇಲ್ಲ. ಶುಕ್ರವಾರ ಪಂದ್ಯ ಇದ್ದರೆ ತಂಡದ ಬಣ್ಣ ಹಾಕಿಕೊಂಡು ಹೋಗಬೇಕು ಅಂತ ಯಾರೂ ಹೇಳುವುದಿಲ್ಲ, ಹಾಕದೆ ಹೋಗಿ ನೋಡಿ!

ಓಹಿಯೋದ ರಾಜಧಾನಿ ಕೊಲಂಬಸ್‌ಗೆ ಬಂದ ಹೊಸದರಲ್ಲಿ ದಿನಸಿ ಅಂಗಡಿಯಲ್ಲಿ ಒಬ್ಬ ಮುದುಕ ನನ್ನ ಕಡೆ ತಿರುಗಿ "ಓ! ಎಚ್!" ಅಂತ ಕೂಗಿದ್ದ. ನಾನು ಬೆಪ್ಪಾಗಿ ನಿಂತೆ. ಅವನೂ ಕಾಯುತ್ತಾ ನಿಂತ. "ಐ! ಓ!" ಅಂತ ಹೇಳಬೇಕು, ಎರಡೂ ಸೇರಿದರೆ ಇಂಗ್ಲಿಷಿನಲ್ಲಿ ಓಹಿಯೋ, ಇದು ಇಲ್ಲಿಯ ಯೂನಿವರ್ಸಿಟಿ ಫುಟ್‌ಬಾಲ್ ತಂಡದ ಕೂಗು ಅಂತ ಆಮೇಲೆ ಗೊತ್ತಾಯಿತು. ಲಕ್ಷ ಜನ ಹಿಡಿಯುವ ಅವರ ಸ್ಟೇಡಿಯಂನಲ್ಲಿ ನಾಲ್ಕೂ ದಿಕ್ಕಿನಿಂದ ಅದು ಒಂದೊಂದೇ ಅಕ್ಷರವಾಗಿ ಎದ್ದಾಗ ಮೈ ಜುಮ್ ಅನ್ನುತ್ತದೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಬೆಂಗಳೂರು ಏರ್‌ಪೋರ್ಟಿನಲ್ಲಿ ಲಗೇಜಿಗೆ ಕಾಯುತ್ತಿದ್ದೆವು. ಕೆಂಪು ಟೋಪಿಯ ಯಾರೋ ಹಿಂದಿನಿಂದ "ಓ! ಎಚ್!" ಅಂದ. ತಿರುಗಿ ನೋಡುವ ಮೊದಲೇ ನನ್ನ ಬಾಯಿ "ಐ! ಓ!" ಅಂದಾಗಿತ್ತು.

ಮಗಳು ಏನೂ ಮಾತಾಡಲಿಲ್ಲ. ಫೋನಿನ ಟಾರ್ಚ್ ಹಾಕಿ ನನ್ನ ಕಿವಿಯೊಳಗೆ ಇಣುಕಿದಳು.