ಸ್ಪಷ್ಟನೆ: ಔಷಧಕ್ಕೆ ಬಗ್ಗದ ಕ್ಷಯ ಬರೀ ಚೀನೀ ಕಷಾಯದಿಂದ ಗುಣವಾಗುವುದಿಲ್ಲ

‘ಮಾತ್ರೆಗೆ ಬಗ್ಗದ ಕ್ಷಯವನ್ನು ಚೀನಾದವರು ಬರೀ ಗಿಡಮೂಲಿಕೆಯಿಂದ ಗುಣಪಡಿಸುತ್ತಾರೆ, ಅದಕ್ಕೇ ನೊಬೆಲ್ ಬಂತು’ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

2015ರಲ್ಲಿ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ ನೊಬೆಲ್ ಬಂದದ್ದು ಆರ್ಟಿಮಿಸಿನಿನ್‌ಗಾಗಿ. ಅದು ಮಲೇರಿಯಾದ ಮದ್ದು. ಅದೂ ಕಷಾಯವಲ್ಲ: ಕುದಿಸಿದರೆ ಸತ್ವ ಕೆಡುತ್ತದೆಂದು ಊಹಿಸಿ, ಅವರು ಈಥರ್ ಎಂಬ ದ್ರಾವಕ ಬಳಸಿ ಕಡಿಮೆ ಶಾಖದಲ್ಲಿ ಅದನ್ನು ಗಿಡದಿಂದ ಬೇರ್ಪಡಿಸಿದರು.

ಚೀನಾದಲ್ಲಿ ಕ್ಷಯರೋಗಿಗಳಿಗೆ ಕಷಾಯ ಕೊಡುವುದುಂಟು, ಆದರೆ ಆ್ಯಂಟಿಬಯೋಟಿಕ್‌ಗಳ ಜೊತೆಗೆ. ಬೈಬು ಎಂಬ ಬೇರು ಅಲ್ಲಿ ಕೆಮ್ಮಿಗೆ ಹಳೆಯ ಮದ್ದು. ಅದನ್ನು ಕುಡಿದು ಕೆಮ್ಮು ತಗ್ಗಿತೆಂದು ಮಾತ್ರೆ ಬಿಟ್ಟರೆ ಕಫದಲ್ಲಿ ರೋಗಾಣು ಉಳಿದೇ ಇರುತ್ತದೆ, ಪಕ್ಕದಲ್ಲಿ ಮಲಗುವ ಮಗುವಿಗೂ ತಗಲಬಹುದು. ನನ್ನನ್ನು ಕಾಡುವುದು ಇದೇ.

ಕ್ಷಯದ ಮುಖ್ಯ ಮಾತ್ರೆಗಳಾದ ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಜಗ್ಗದ ಕ್ಷಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ನಾಲ್ಕು ಮಾತ್ರೆಗಳ ಆರು ತಿಂಗಳ ಚಿಕಿತ್ಸೆಯನ್ನು ಶಿಫಾರಸು ಮಾಡಿತು: ಬೆಡಾಕ್ವಿಲಿನ್, ಪ್ರೆಟೊಮ್ಯಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಚಿಕಿತ್ಸೆ ಉಚಿತ. ಕಷಾಯ ಕುಡಿಯುತ್ತಿದ್ದರೆ ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಡಿ.