ಸ್ಪಷ್ಟನೆ: ಬೆಳಗಾವಿ ಸೀಮೆಯ ಜೈನರು ಹೊರಗಿನಿಂದ ಬಂದವರೇ?

ಬೆಳಗಾವಿ ಸೀಮೆಯ ಜೈನರೆಲ್ಲ ಗುಜರಾತ್, ಮಾರವಾಡಗಳಿಂದ ವ್ಯಾಪಾರಕ್ಕೆ ಬಂದು ನೆಲೆಸಿದವರು ಎಂಬ ಬರಹವೊಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. ಶಾಸನಗಳಲ್ಲಿ ಪಲಾಶಿಕೆ ಎನಿಸಿದ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಕದಂಬರ ಮೃಗೇಶವರ್ಮನು ತಂದೆಯ ನೆನಪಿಗಾಗಿ ಜಿನಾಲಯ ಕಟ್ಟಿಸಿದ್ದನ್ನು ತಾಮ್ರಪಟವೇ ಹೇಳುತ್ತದೆ; ಅದು 5ನೆಯ ಶತಮಾನದ ಮಾತು. ನೆರೆಯ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ, ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ರವಿಕೀರ್ತಿ 634ರಲ್ಲಿ ಕಟ್ಟಿಸಿದ ಮೇಗುತಿ ಜಿನಾಲಯ ಗುಡ್ಡದ ಮೇಲೆ ಇಂದಿಗೂ ನಿಂತಿದೆ.

ಅಷ್ಟು ದೂರ ಹೋಗಲಾರದವರು ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನಾದರೂ ನೋಡಬಹುದು. ಸವದತ್ತಿಯ ರಟ್ಟ ವಂಶದ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣ 1204ರಲ್ಲಿ ಕಟ್ಟಿಸಿದ ಈ ಬಸದಿಯಲ್ಲಿ ನೇಮಿನಾಥನ ಮೂರ್ತಿಯಿದ್ದು, ಮಂಟಪದಲ್ಲಿ ನಿಂತು ಕತ್ತೆತ್ತಿದರೆ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲದ ಎಸಳೆಸಳೂ ಎದ್ದು ಕಾಣುತ್ತದೆ.

ಚಿಕ್ಕೋಡಿ, ಅಥಣಿ, ರಾಯಬಾಗ ಕಡೆಯ ಜೈನರಲ್ಲಿ ಬಹುಪಾಲು ಕನ್ನಡ ಮಾತಾಡುವ ದಿಗಂಬರರು. ಹೊಲ ಉಳುವ ಒಕ್ಕಲು ಮನೆತನಗಳೇ ಅವರಲ್ಲಿ ಹೆಚ್ಚು. ದಿಗಂಬರ ಮುನಿ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ ಸದಲಗಾ ಇದೇ ಸೀಮೆಯದು. ವ್ಯಾಪಾರಕ್ಕೆಂದು ಬಂದ ಶ್ವೇತಾಂಬರ ಕುಟುಂಬಗಳು ಪೇಟೆಗಳಲ್ಲಿ ಇರುವುದು ನಿಜವೇ. ಅವರ ಕಥೆಯನ್ನು ಇಡೀ ಸಮುದಾಯಕ್ಕೆ ಅಂಟಿಸಿದ್ದು ಆ ಬರಹದ ತಪ್ಪು.